ಹಸಿರು ಬಿಲ್ಲೆಯ ಸಸ್ಯಾಹಾರಿ

ಹೆಂಡತಿಯನ್ನು 'ಬಾ' ಎಂದು ಕರೆಯುವುದಿಲ್ಲ, ಅವಳಾಗಿಯೇ ಓಡಿ ಬರುವಂತೆ ಮಾಡುತ್ತೇನೆ ಎಂದು ಸ್ವೀಡನ್ನಿನ ವೆಸ್ಟೆರಾಸ್ ಊರಿನ ಅನಂತಕೃಷ್ಣ ಬುಧವಾರ ಸಂಜೆ ಅಡುಗೆಮನೆಯಲ್ಲಿ ನಿಂತು ಭೀಷಣ ಪ್ರತಿಜ್ಞೆ ಮಾಡಿದ. ಸಾಕ್ಷಿಗೆ ಒಂದು ಕುಕ್ಕರ್ ಮತ್ತು ಅರ್ಧ ಡಬ್ಬ ಮೊಸರು ಇದ್ದವು. ಕುಕ್ಕರ್ ಒಂದು ಸೀಟಿ ಹೊಡೆದು ಒಪ್ಪಿಗೆ ಸೂಚಿಸಿತು. ಮನೆಯಿಂದಲೇ ಆಫೀಸು ಕೆಲಸ ಮಾಡುವ ಅವನಿಗೆ ಆ ವಾರವೆಲ್ಲ ಆ ಮನೆಯೊಳಗೆ ಸಿಕ್ಕ ಒಂದೇ ಉತ್ತರ ಅದು.

ಪ್ರತಿಜ್ಞೆಗೆ ಕಾರಣ ಕಾಂಚನಾ, ಅವನ ಹೆಂಡತಿ. ಕಂಪನಿಯವರು ಅವಳನ್ನು ಆರು ತಿಂಗಳ ಪ್ರಾಜೆಕ್ಟ್‌ಗೆಂದು ಬ್ರೆಜಿಲ್‌ನ ಸಾವೊ ಪಾಲೊಗೆ ಕಳಿಸಿದ್ದರು. ಜನವರಿ ಮುಗಿದರೆ ವಾಪಸು ಬರಬೇಕು. ಅನಂತಕೃಷ್ಣ ಅವಳ ಕಡೆಯ ಹಾಸಿಗೆಯ ಹೊದಿಕೆಯನ್ನೂ ಒಗೆದು ಹಾಕಿದ್ದ. ಅಷ್ಟರಲ್ಲಿ ಫೋನು ಬಂತು.

"ರೀ, ಇನ್ನೂ ಆರು ತಿಂಗಳು ಇರ್ತೀಯಾ ಅಂತ ಬಾಸ್ ಕೇಳ್ತಿದಾರೆ. ಸೋಮವಾರದೊಳಗೆ ಹೇಳ್ಬೇಕಂತೆ. ಏನ್ ಹೇಳ್ಲಿ?"

"ನಿನ್ನಿಷ್ಟ."

"ನಾನು ಕೇಳಿದ್ದು ನಿಮ್ಮಿಷ್ಟ."

"ನಂದೇನಿದೆ? ನಾನಿಲ್ಲಿ ಆರಾಮಾಗಿದೀನಿ."

"ಒಬ್ರೇ ಕೂತು ಕೊರಗ್ತಿದೀರೇನೋ ಅಂತ ನಂಗೆ. ಹಾಗಿದ್ರೆ ಹೇಳಿ, ಈಗ್ಲೇ ಆಗಲ್ಲ ಅಂದ್ಬಿಡ್ತೀನಿ."

ಇಷ್ಟು ಅಗಲಕ್ಕೆ ಬಾಗಿಲು ತೆರೆದಿಟ್ಟರೆ ಕುರುಡನೂ ಒಳಗೆ ಹೋಗುತ್ತಾನೆ. ಅನಂತಕೃಷ್ಣ ಹೋಗಲಿಲ್ಲ. ಗಂಡಸಲ್ಲವೇ!

"ಕೊರಗೋದಾ? ನಾನಾ? ಶನಿವಾರ ನಾಲ್ಕು ಜನ ಸೇರ್ಕೊಂಡು ಸ್ಟಾಕ್‌ಹೋಮ್‌ಗೆ ಊಟಕ್ಕೆ ಹೋಗ್ತಿದೀವಿ. ಹೊಸದಾಗಿ ಬ್ರೆಜಿಲ್ ಹೋಟೆಲ್ ಒಂದು ಶುರುವಾಗಿದೆ. ನೀನೊಬ್ಳೇನಾ ಬ್ರೆಜಿಲ್ ಊಟ ಮಾಡೋಳು?"

"ಓ," ಎಂದಳು ಕಾಂಚನಾ. "ಒಳ್ಳೇದಾಯ್ತು ಬಿಡಿ."

ಆ ಬ್ರೆಜಿಲ್ ಊಟದ ಹಿಂದೆ ಐದು ತಿಂಗಳ ನೋವಿತ್ತು. ಸಾವೊ ಪಾಲೊದಲ್ಲಿ ಶನಿವಾರಕ್ಕೊಂದು ಹೊಸ ಹೋಟೆಲು ಹುಟ್ಟುತ್ತದೋ ಏನೋ, ಪ್ರತಿ ಶನಿವಾರವೂ ಕಾಂಚನಾ ಆಫೀಸಿನವರ ಜೊತೆ ಹೊಸದೊಂದಕ್ಕೆ ಹೋಗಿ ಫೋಟೋ ಕಳಿಸುತ್ತಿದ್ದಳು. ಒಂದು ವಾರ ಜಪಾನಿಯರ ಬೀದಿಯಲ್ಲಿ ಹೊಸ ತೋಫು ಹೋಟೆಲು, ಇನ್ನೊಂದು ವಾರ ಮರಗೆಣಸಿನಲ್ಲೇ ಹದಿನೆಂಟು ಬಗೆ ಮಾಡುವ ತಾರಸಿ ಹೋಟೆಲು, ಮತ್ತೊಂದು ವಾರ ಮಾಂಸವೇ ಇಲ್ಲದ ಕರಿ ಹುರುಳಿಯ ಗೊಜ್ಜು. ಅನಂತಕೃಷ್ಣ ಇಲ್ಲಿ ಮೊಸರನ್ನ ಕಲಸುತ್ತ ಆ ಫೋಟೋಗಳನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಹಿಗ್ಗಿಸುತ್ತಿದ್ದದ್ದು ತಟ್ಟೆಯನ್ನಲ್ಲ, ತಟ್ಟೆಯ ಹಿಂದೆ ನಗುತ್ತಿದ್ದ ಹೆಂಡತಿಯ ಮುಖವನ್ನು. ಅವನಿಗೆ ಅವಳಿಲ್ಲದೆ ಬೇಜಾರಾಗಿತ್ತು. ವಿಷಯ ಇಷ್ಟೇ. ಇಷ್ಟನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಬಾಯಿ ಬಾರದವನಿಗೆ ತಲೆ ಜೋರಾಗಿ ಓಡುತ್ತದೆ. ಅವನ ಯುದ್ಧತಂತ್ರ ಹೀಗಿತ್ತು: ನಾಲ್ಕು ಜನ ಮಜವಾಗಿ ಉಣ್ಣುವ ಫೋಟೋ ಕಾಂಚನಾಗೆ ಹೋಗಬೇಕು. ನಾನಿಲ್ಲದೆಯೂ ಇವರು ಇಷ್ಟು ಖುಷಿಯಾಗಿದ್ದಾರಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಬೇಕು. ಉರಿದ ಹೊಟ್ಟೆಯಲ್ಲೇ ಅವಳು ಬಾಸ್‌ಗೆ ಆಗುವುದಿಲ್ಲ ಎಂದು ಬರೆದು ಟಿಕೆಟ್ ತೆಗೆಯಬೇಕು. ಎಂಥ ಚಾಣಾಕ್ಷತನ! ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಉಪ್ಪಿನಕಾಯಿ ಇನ್ನೊಂದು ಹೋಳು ಬಡಿಸಿಕೊಂಡ.

ಇನ್ನು ಬೇಕಾದದ್ದು ಮೂರು ಜನ ಸ್ನೇಹಿತರು. ವೆಸ್ಟೆರಾಸಿನಲ್ಲಿ ಅವನು ಐದು ವರ್ಷದಿಂದ ಇದ್ದ. ಎಣಿಸಿದರೆ ಮೂರು ಜನ ಆಗುತ್ತಿದ್ದರು, ಸ್ವಲ್ಪ ಧಾರಾಳವಾಗಿ ಎಣಿಸಿದರೆ.

ಮೊದಲನೆಯವನು ಆಫೀಸಿನ ಲೆನ್ನಾರ್ಟ್. ಶನಿವಾರ ಊಟಕ್ಕೆ ಬರುತ್ತೀಯಾ ಎಂದು ವಿಡಿಯೋ ಕರೆಯಲ್ಲಿ ಕೇಳಿದ್ದಕ್ಕೆ ಲೆನ್ನಾರ್ಟ್ ತುಂಬ ಸಂತೋಷಪಟ್ಟ. ಕ್ಯಾಲೆಂಡರ್ ತೆರೆದ. ಬಹಳ ಹೊತ್ತು ನೋಡಿದ. ಮಾರ್ಚ್ ಕೊನೆಯ ಶನಿವಾರ ಆಗಬಹುದೇ ಎಂದು ಕೇಳಿದ. ಬರುವುದಿಲ್ಲ ಎಂದೇನೂ ಹೇಳಲಿಲ್ಲವಲ್ಲ ಎಂದು ಅನಂತಕೃಷ್ಣ ಅವನನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ನಾಲ್ವರಿಗೆ ಟೇಬಲ್ ಕಾದಿರಿಸಿದ.

ಎರಡನೆಯವನು ಮೇಲಿನ ಮಹಡಿಯ ದೇವ್. ಶನಿವಾರ ಮಧ್ಯಾಹ್ನ ಫೋನ್ ಮಾಡಿದ. "ಸಾರಿ ಗುರು. ಮಗಳು ಸಿಯಾ ದಾಗಿಸ್‌ನಿಂದ ಮತ್ತೆ ಜ್ವರ ತಂದಿದಾಳೆ. ಆ ಶಿಶುವಿಹಾರದೋರು ಪಾಠ ಹೇಳ್ತಾರೋ ಇಲ್ವೋ, ಜ್ವರ ಮಾತ್ರ ತಪ್ಪದೆ ಕೊಟ್ಟು ಕಳಿಸ್ತಾರೆ."

ಮೂರನೆಯವನು ಹೊನ್ನಪ್ಪ. ಕನ್ನಡ ಕೂಟದ ಯುಗಾದಿಯಲ್ಲಿ ಪರಿಚಯವಾದವನು, ಬೀದರಿನ ಕಡೆಯವನು, ಮಾಂಸದ ಊಟವೆಂದರೆ ಪ್ರಾಣ. ಅವನಂತೂ ಬಂದೇ ಬರುತ್ತಾನೆ ಎಂದು ಅನಂತಕೃಷ್ಣ ರೈಲು ಹತ್ತಿದ. ರೈಲು ಹೊರಟ ಮೇಲೆ ಹೊನ್ನಪ್ಪನ ಕರೆ ಬಂತು.

"ಸರ್, ತಪ್ಪು ತಿಳೀಬ್ಯಾಡ್ರಿ. ನಮ್ಮ ಬಿಲ್ಡಿಂಗ್‌ನಾಗ ಬಟ್ಟೆ ಒಗಿಯೋ ಕೋಣೆ ಇವತ್ತು ಸಂಜೀಗೆ ಖಾಲಿ ಸಿಕ್ಕದ. ಇದು ಬಿಟ್ರ ಮತ್ತ ಎರಡು ವಾರ ಸಿಗಂಗಿಲ್ಲ. ಹಾಕ್ಕೊಳ್ಳಾಕ ಒಂದು ಅಂಗಿ ಉಳದಿಲ್ರಿ ಸರ್."

ಸ್ವೀಡನ್ನಿನಲ್ಲಿ ಇದ್ದವರಿಗೆ ಗೊತ್ತು, ಬಟ್ಟೆ ಒಗೆಯುವ ಸರದಿಯ ಮುಂದೆ ಮದುವೆ ಮುಂಜಿಗಳೂ ನಿಲ್ಲುವುದಿಲ್ಲ. ಅನಂತಕೃಷ್ಣ "ಪರವಾಗಿಲ್ಲ ಹೊನ್ನಪ್ಪ, ಮೊದ್ಲು ಬಟ್ಟೆ" ಎಂದು ಫೋನಿಟ್ಟು ಕಿಟಕಿಯ ಆಚೆ ನೋಡಿದ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗಿತ್ತು. ಗಾಜಿನಲ್ಲಿ ಅವನ ಮುಖವೇ ಕಾಣುತ್ತಿತ್ತು. ಆ ಮುಖ ನೋಡಲು ಅವನಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಹೋಟೆಲಿನಲ್ಲಿ ವಾಗ್ನರ್ ಎಂಬ ಬ್ರೆಜಿಲಿನ ಪರಿಚಾರಕ ಎದುರುಗೊಂಡ. "ನಾಲ್ಕು ಜನ?"

"ಬರ್ತಿದಾರೆ," ಎಂದ ಅನಂತಕೃಷ್ಣ.

ವಾಗ್ನರ್ ಟೇಬಲ್ ತೋರಿಸಿ, ಪೋರ್ಚುಗೀಸ್ ರಾಗದ ಸ್ವೀಡಿಷ್‌ನಲ್ಲಿ ಉದ್ದಕ್ಕೆ ಏನೋ ವಿವರಿಸಿದ. ಹಿಂದೆ ಡೋಲು ಬಡಿಯುತ್ತಿತ್ತು. ಅನಂತಕೃಷ್ಣ ಐದು ವರ್ಷದಿಂದ ಬ್ಯಾಂಕಿನಲ್ಲಿ, ಕೊಮ್ಮೂನ್ ಎಂಬ ನಗರಸಭೆಯ ಕಚೇರಿಯಲ್ಲಿ, ಡಾಕ್ಟರ ಬಳಿ ಮಾಡುತ್ತ ಬಂದಂತೆ ಇಲ್ಲೂ ತಲೆಯಾಡಿಸಿ "ಯಾ, ಯಾ" ಎಂದ. ಅದು ಮಾಂಸದ ಹೋಟೆಲು ಎಂಬುದು ಅವನಿಗೆ ಗೊತ್ತೇ ಇತ್ತು. ಆದರೆ ಮೂಲೆಯಲ್ಲಿ ಹತ್ತಾರು ಬಗೆಯ ಸಲಾಡು, ಪಕ್ಕದಲ್ಲಿ ಚೀಸ್ ಹಾಕಿದ ಸಣ್ಣ ಬನ್ನು. ಜನ್ಮದಲ್ಲಿ ಮೊಟ್ಟೆಯ ಕೇಕನ್ನೂ ಮುಟ್ಟದವನಿಗೆ ಅಷ್ಟು ಸಾಕು.

ಕೂತವನ ಕಣ್ಣಿಗೆ ಮೊದಲು ಬಿದ್ದದ್ದು ಬಿಲ್ಲೆ. ಪ್ರತಿ ತಟ್ಟೆಯ ಪಕ್ಕ ಒಂದೊಂದು ಮರದ ಬಿಲ್ಲೆ, ಒಂದು ಮುಖ ಕೆಂಪು, ಇನ್ನೊಂದು ಮುಖ ಹಸಿರು. ನಾಲ್ಕೂ ಕೆಂಪಾಗಿದ್ದವು. ಅನಂತಕೃಷ್ಣನಿಗೆ ಸಂತೋಷದಿಂದ ಕಣ್ಣು ತುಂಬಿತು. ಬೆಂಗಳೂರಿನ ಬಿಸ್ಕತ್ತಿನ ಪೊಟ್ಟಣದಿಂದ ಹಪ್ಪಳದ ಪೊಟ್ಟಣದವರೆಗೆ ಅವನು ಹುಡುಕಿ ನೋಡುತ್ತಿದ್ದ ಅದೇ ಗುರುತು! ಹಸಿರಿದ್ದರೆ ಸಸ್ಯಾಹಾರ, ಕೆಂಪಿದ್ದರೆ ಮಾಂಸಾಹಾರ. ಭಾರತ ಸರಕಾರದ ಕಾಯಿದೆ ಬ್ರೆಜಿಲ್ ದಾಟಿ ಸ್ವೀಡನ್ನಿಗೂ ಬಂದಿದೆಯಲ್ಲ ಎಂದು ಬೀಗುತ್ತ ತನ್ನ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದ. ಮಿಕ್ಕ ಮೂವರು ಮಾಂಸ ತಿನ್ನುವವರು, ಬರದಿದ್ದರೇನಂತೆ, ಅವರ ಬಿಲ್ಲೆಗಳನ್ನು ಕೆಂಪಾಗಿಯೇ ಬಿಟ್ಟ.

ತಿರುಗಿಸಿ ಕೈ ತೆಗೆಯುವಷ್ಟರಲ್ಲಿ ಸುಟ್ಟ ಮಾಂಸ ಚುಚ್ಚಿದ ಉದ್ದನೆಯ ಸಲಾಕೆ ಹಿಡಿದ ಒಬ್ಬ ಪ್ರತ್ಯಕ್ಷನಾಗಿ ಅವನ ತಟ್ಟೆಗೆ ದನದ ಮಾಂಸದ ಹೋಳು ಕತ್ತರಿಸಿ ಹಾಕಿ ಹೋದ.

ಅನಂತಕೃಷ್ಣ ಬೆಚ್ಚಿಬಿದ್ದ. ಪಾಪ, ಗಮನಿಸಿಲ್ಲ ಎಂದುಕೊಂಡು ಬಿಲ್ಲೆಯನ್ನು ತಟ್ಟೆಯ ಮುಂದಕ್ಕೆ ತಳ್ಳಿದ. ಎರಡನೆಯ ಸಲಾಕೆ ಬಂತು, ಕೋಳಿ. ಅವನು ಬಿಲ್ಲೆಯ ಮೇಲೆ ಬೆರಳಿಟ್ಟು ಕುಟ್ಟಿ ತೋರಿಸಿದ. "ಗ್ರೋನ್! ಗ್ರೋನ್!" ಎಂದ, ಹಸಿರು ಹಸಿರು ಎಂದು.

"ಯಾ, ಗ್ರೋನ್!" ಎಂದು ಸಲಾಕೆಯವನೂ ಅಷ್ಟೇ ಖುಷಿಯಿಂದ ಹೇಳಿ ಇನ್ನೆರಡು ತುಂಡು ಹಾಕಿದ.

ತುಂಬಿದ ತಟ್ಟೆಯನ್ನು ಎದುರಿಗಿಟ್ಟುಕೊಂಡು ಕೂರಲಾಗದೆ ಅವನು ಅದನ್ನು ಹೊನ್ನಪ್ಪನ ಜಾಗಕ್ಕೆ ಸರಿಸಿ, ಅಲ್ಲಿನ ಖಾಲಿ ತಟ್ಟೆಯನ್ನು ಇತ್ತ ಎಳೆದುಕೊಂಡ. ಅದೂ ತುಂಬಿತು. ದೇವ್‌ಗೆ ದಾಟಿಸಿದ. ಮತ್ತೂ ಬಂತು, ಲೆನ್ನಾರ್ಟ್ ಮಾರ್ಚ್‌ವರೆಗೆ ಕಾಯಬೇಕಾಗಲಿಲ್ಲ. ಮಾಂಸ ತಿನ್ನುವ ಮೂವರ ಕೆಂಪು ಬಿಲ್ಲೆಗಳ ಹತ್ತಿರ ಒಬ್ಬನೂ ಸುಳಿಯುತ್ತಿಲ್ಲ, ಮುಟ್ಟದವನ ಮೇಲೆ ಮುತ್ತಿಗೆ! ಕೊನೆಗೆ ಅನಂತಕೃಷ್ಣ ಬಿಲ್ಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಇಂಥ ಭಕ್ತನನ್ನು ಆ ಹೋಟೆಲು ಕಂಡಿರಲಿಲ್ಲ. ಒಳಗಿನಿಂದ ಅಡುಗೆಯವನೇ ಎಲ್ಲಕ್ಕಿಂತ ದಪ್ಪ ಸಲಾಕೆ ಹೊತ್ತು ಬಂದ.

ನಾಲ್ಕು ತಟ್ಟೆಗಳೂ ಬೆಟ್ಟದಂತೆ ತುಂಬಿದ ಮೇಲೆ ಅವನಿಗೆ ಸಂಕಟದ ನಡುವೆಯೂ ಹೊಳೆಯಿತು. ಇದೇ ಅಲ್ಲವೇ ಬೇಕಾದ ಫೋಟೋ! ಎದ್ದು ನಿಂತು ನಾಲ್ಕು ತಟ್ಟೆಯೂ ಕಾಣುವಂತೆ ತೆಗೆದು ಕಳಿಸಿದ. ಕೆಳಗೆ ಬರೆದ: "ನಮ್ಮ ಗ್ಯಾಂಗು ಸಲಾಡ್ ತರೋಕೆ ಹೋಗಿದೆ. ಸಿಕ್ಕಾಪಟ್ಟೆ ಮಜಾ."

ಉತ್ತರವಾಗಿ ಒಂದು ಹೆಬ್ಬೆಟ್ಟು ಬಂತು. ಬರೀ ಹೆಬ್ಬೆಟ್ಟು. ಉರಿಯುತ್ತಿದೆ, ಉರಿಯುತ್ತಿದೆ ಎಂದು ಅವನು ಕೈ ಉಜ್ಜಿಕೊಂಡ. ಉಜ್ಜಿಕೊಂಡು ತಲೆಯೆತ್ತಿದರೆ ಸುತ್ತಲ ಟೇಬಲುಗಳಲ್ಲಿ ಎಲ್ಲರೂ ಯಾರ ಜೊತೆಗೋ ಮಾತಾಡುತ್ತಿದ್ದರು. ಅವನ ಟೇಬಲ್ಲಿನಲ್ಲಿ ಮೂರು ಖಾಲಿ ಕುರ್ಚಿ. ಇಷ್ಟು ತುಂಬಿದ ತಟ್ಟೆಗಳ ಮುಂದೆ ಇಷ್ಟು ಒಂಟಿಯಾಗಿ ಅವನು ಎಂದೂ ಕೂತಿರಲಿಲ್ಲ.

ಮತ್ತೆ ಸಲಾಕೆಯೊಂದು ಬಂದಾಗ ಅವನಿಗೆ ತಡೆಯಲಾಗಲಿಲ್ಲ. "ನಾನು ಮಾಂಸ ತಿನ್ನಲ್ಲ," ಎಂದು ಸ್ವೀಡಿಷ್‌ನಲ್ಲಿ ಬಾಯಿಬಿಟ್ಟು ಹೇಳಿದ.

ಸಲಾಕೆ ಗಾಳಿಯಲ್ಲೇ ನಿಂತಿತು. ವಾಗ್ನರ್ ಓಡಿ ಬಂದ. ತಟ್ಟೆಗಳನ್ನು ನೋಡಿದ, ಅವನನ್ನು ನೋಡಿದ, ಹಸಿರು ಬಿಲ್ಲೆಯನ್ನು ನೋಡಿದ. "ಹಸಿರು ಅಂದ್ರೆ ಇನ್ನೂ ತನ್ನಿ ಅಂತ. ಕೆಂಪು ಅಂದ್ರೆ ಸಾಕು ಅಂತ," ಎಂದು ಬಿಲ್ಲೆ ಮಗುಚಿದ. ಸಲಾಕೆಯವರೆಲ್ಲ ಬೇರೆ ಟೇಬಲುಗಳಿಗೆ ಹೊರಟುಹೋದರು. "ಆಗ್ಲೇ ಒಂದು ಮಾತು ಹೇಳಿದ್ರೆ ಆಗಿಹೋಗ್ತಿತ್ತಲ್ಲ?"

ವಾಗ್ನರ್ ಮರುಕಪಟ್ಟು ಬೆಂಕಿಯಲ್ಲಿ ಸುಟ್ಟ ಒಂದು ಹೋಳು ಅನಾನಸು ತಂದುಕೊಟ್ಟ. ಮಾಂಸವನ್ನೆಲ್ಲ ನಾಲ್ಕು ಡಬ್ಬಗಳಿಗೆ ತುಂಬಿ, "ನಿಮ್ಮ ಸ್ನೇಹಿತರಿಗೆ," ಎಂದು ಕೈಗಿತ್ತ. ಅನಂತಕೃಷ್ಣ ನಾಲ್ಕನ್ನೂ ಎದೆಗವಚಿಕೊಂಡು ಹೊರಗೆ ಬಂದ.

ವಾಪಸಿನ ರೈಲಿನಲ್ಲಿ ಸಿಕ್ಕ ಜಾಗದಲ್ಲಿ ಕೂತ. ಎದುರಿಗೊಬ್ಬ ಹೆಂಗಸು, ಅವಳ ಕಾಲ ಬಳಿ ಒಂದು ನಾಯಿ. ಡಬ್ಬಗಳ ಘಮಕ್ಕೆ ನಾಯಿ ಎದ್ದು ಬಂದು ಅವನ ಮೊಣಕಾಲಿಗೆ ಗದ್ದ ಊರಿ ಕೂತಿತು. ಸಂಜೆಯೆಲ್ಲ ಅವನ ಪಕ್ಕಕ್ಕೆ ಬಂದು ಕೂತದ್ದು ಅದೊಂದೇ. ಸಾಕು ಈ ನಾಟಕ ಎಂದು ಅವನು ಕಾಂಚನಾಗೆ ಫೋನ್ ಹಚ್ಚಿದ.

"ಕಾಂಚನಾ, ನಿಂಗೊಂದು ವಿಷಯ ಹೇಳ್ಬೇಕು."

"ಮೊದ್ಲು ನಾನು ಹೇಳ್ತೀನಿ. ಬಾಸ್‌ಗೆ ಮೇಲ್ ಕಳಿಸ್ಬಿಟ್ಟೆ. ಇನ್ನೂ ಆರು ತಿಂಗಳು ಇರ್ತೀನಿ ಅಂತ."

"ಸೋಮವಾರ ಅಂದಿದ್ಯಲ್ಲ?"

"ಫೋಟೋ ನೋಡಿ ಹೊಟ್ಟೆ ಉರೀತು ರೀ. ಮೊಟ್ಟೆ ಕೇಕ್ ಮುಟ್ಟದೋರು ನಾನಿಲ್ಲ ಅಂತ ಮಾಂಸಾನೂ ಶುರು ಮಾಡಿದೀರಿ. ನಾನಿಲ್ದೆ ಅಷ್ಟು ಮಜಾ ಇರೋವಾಗ ನಾನ್ಯಾಕೆ ಓಡಿ ಬರ್ಲಿ? ಆ ಸಿಟ್ಟಲ್ಲೇ ಒತ್ತಿಬಿಟ್ಟೆ. ಬಾಸ್ ಇಲ್ಲಿ ನಮ್ಮ ಶನಿವಾರದ ಊಟದಲ್ಲಿ ಆಗ್ಲೇ ಎಲ್ರಿಗೂ ಹೇಳಿ ಕೇಕ್ ತರ್ಸಿದಾರೆ."

ಯುದ್ಧತಂತ್ರ ಅಕ್ಷರಶಃ ಫಲಿಸಿತ್ತು. ಫೋಟೋ ಹೋಗಿತ್ತು, ಹೊಟ್ಟೆ ಉರಿದಿತ್ತು, ಬಾಸ್‌ಗೆ ಮೇಲ್ ಕೂಡ ಬರೆದಾಗಿತ್ತು. ಒಳಗೆ ಬರೆದ ಮಾತು ಮಾತ್ರ ಉಲ್ಟಾ.

"ಯಾರೂ ಬಂದಿರ್ಲಿಲ್ಲ," ಎಂದು ಅನಂತಕೃಷ್ಣ ಪಿಸುಗುಟ್ಟಿದ.

"ಏನು? ಕೇಳಿಸ್ತಿಲ್ಲ."

"ಯಾರೂ ಬಂದಿರ್ಲಿಲ್ಲ! ನಾಲ್ಕು ತಟ್ಟೇನೂ ನಂದೇ. ಒಂದು ಚೂರೂ ತಿಂದಿಲ್ಲ."

ಎದುರಿನ ಹೆಂಗಸು ಬೆರಳೆತ್ತಿ ಗೋಡೆಯ ಮೇಲಿನ ಫಲಕ ತೋರಿಸಿದಳು. ಅದು ಮಾತಾಡಬಾರದ ಬೋಗಿ. ಅಲ್ಲಿ ಮುಖವಾಡ ಬಿಟ್ಟು ಮಾತಾಡಲು ಕೂತವನು ಇವನೊಬ್ಬನೇ.

"ಫ್ರೆಂಡ್ಸ್ ಎಲ್ಲಿ ಹೋದ್ರು?"

"ಒಬ್ಬನ ಮಗೀಗೆ ಜ್ವರ, ಒಬ್ಬನಿಗೆ ಬಟ್ಟೆ, ಒಬ್ಬ ಮಾರ್ಚಲ್ಲಿ ಬರ್ತಾನೆ. ಕಾಂಚನಾ, ನಂಗಿಲ್ಲಿ ನೀನಿಲ್ದೆ ತುಂಬಾ ಬೇಜಾರು ಕಣೇ. ಬಾ."

"ಇನ್ನೊಂದ್ಸಲ ಹೇಳಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳಿ."

ಅವನು ಎದ್ದು ನಿಂತು, ಇಡೀ ಬೋಗಿ ಪುಸ್ತಕದಿಂದ ತಲೆಯೆತ್ತುವಷ್ಟು ಜೋರಾಗಿ ಹೇಳಿದ. "ಬಾ!"

ಕಾಂಚನಾ ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು.

"ಚೆನ್ನಾಗಿದೆ," ಎಂದಳು. "ಇನ್ನು ಆರು ತಿಂಗಳು ದಿನಾ ಇದನ್ನೇ ಹೇಳಿ. ಅಭ್ಯಾಸ ಆಗ್ಲಿ."