ಮೂವತ್ತೆರಡರ ಸೊಂಟಪಟ್ಟಿ ಕೊಟ್ಟ ಮೇಕ್‌ಫೈಲ್‌ರವರಿಗೆ

ನಮ್ಮ ಸಿ ಭಾಷೆಯ ಪ್ರಾಜೆಕ್ಟಿನ ಮುಖ್ಯ ಫೋಲ್ಡರಿನಲ್ಲಿ ವಿರಾಜಮಾನರಾದ ಮಾನ್ಯ ಮೇಕ್‌ಫೈಲ್‌ರವರೇ,

ತಮ್ಮಂಥ ದೊಡ್ಡವರಿಗೆ ಫಸ್ಟ್ ಇಯರ್ ಹುಡುಗಿಯೊಬ್ಬಳು ಪತ್ರ ಬರೆಯುವುದೇ ಅಧಿಕಪ್ರಸಂಗ, ಕ್ಷಮಿಸಬೇಕು. ಹಾಸ್ಟೆಲಿನಲ್ಲೇ ಓದಿ ಬೆಳೆದವಳು ನಾನು. ವಾರ್ಡನ್‌ಗೆ ಲೀವ್ ಲೆಟರ್ ಬರೆದು ಅಭ್ಯಾಸವೇ ಹೊರತು ಇಂಥದ್ದು ಗೊತ್ತಿಲ್ಲ. ಆದರೆ ಸೋಮವಾರ ಸಿದ್ದರಾಮೇಶ್ ಸರ್ ಮುಂದೆ ಡೆಮೊ ಇದೆ. ಕೋಡ್ ಬರೆದವರು ನನ್ನ ಗುಂಪಿನ ಚಂದ್ರಕಲಾ ಮತ್ತು ಚೌಡೇಶ್. ಸಿ ಪಾಠದ ಪಾಯಿಂಟರ್ ನನಗೆ ಈಗಲೂ ತಲೆಗೆ ಹತ್ತಿಲ್ಲ, ಹಾಗಾಗಿ ಯಾವ ಫೈಲು ಬದಲಾದರೆ ಯಾವುದನ್ನು ಮತ್ತೆ ಕಂಪೈಲ್ ಮಾಡಿ ಕಟ್ಟಬೇಕೆಂದು ತಮಗೆ ಬರೆದುಕೊಡುವ ಕೆಲಸವನ್ನು ಕೇಳಿ ಪಡೆದೆ. ಅಂದರೆ ಈ ಗುಂಪಿನಲ್ಲಿ ನನ್ನ ದುಡಿಮೆ ಎಂದು ತೋರಿಸಲು ಇರುವುದು ತಾವೊಬ್ಬರೇ.

ನಮ್ಮದು ರಾಯದುರ್ಗದ ಜೀನ್ಸ್ ಕೆಲಸದ ಪ್ರೋಗ್ರಾಮ್. ಅಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕೆಂದು ಹೇಳುತ್ತದೆ. ನಮ್ಮ ಓಣಿಯಲ್ಲಿ ಕಟಿಂಗ್ ಒಂದು ಮನೆ, ಹೊಲಿಗೆ ಒಂದು ಮನೆ, ಸೊಂಟಪಟ್ಟಿ ಇನ್ನೊಂದು ಮನೆ. ಹಾಗೆಯೇ ಮೂರು ಫೋಲ್ಡರು ಮಾಡಿ, ಅಳತೆಗಳನ್ನು ಬೇರೊಂದು ಫೈಲಿನಲ್ಲಿಟ್ಟೆ. ಓಣಿಯಲ್ಲಾದರೆ ಅಳತೆ ಬದಲಾದಾಗ ಅಮ್ಮ ಬಾಗಿಲಲ್ಲಿ ನಿಂತು “ಓಬಮ್ಮಕ್ಕಾ, ಸೊಂಟ ಮೂವತ್ನಾಕ ಆತ್ರಿ!” ಎಂದು ಒಮ್ಮೆ ಕೂಗಿದರೆ ಸಾಕು, ಮೂರೂ ಮನೆಯ ಕೆಲಸ ಗಕ್ಕನೆ ನಿಲ್ಲುತ್ತದೆ. ತಮಗೂ ಹಾಗೆಯೇ ಕೇಳಿಸುತ್ತದೆಂದು ನಂಬಿದ್ದೆ. ಯಾವ ಫೋಲ್ಡರಿಗೆ ಅಳತೆಯ ಫೈಲು ಬೇಕೆಂದು ತಮ್ಮಲ್ಲಿ ಬರೆಯಲೇ ಇಲ್ಲ. ಒಂದೇ ಓಣಿಯವರಿಗೆ ಯಾರಾದರೂ ಬರೆದು ಕೊಡುತ್ತಾರೆಯೇ?

ನಿನ್ನೆ ಅಳತೆಯ ಫೈಲಿನಲ್ಲಿ ಸೊಂಟದ ಮೂವತ್ತೆರಡನ್ನು ಮೂವತ್ತನಾಲ್ಕು ಮಾಡಿದೆ. ಅದೇ ಹೊತ್ತಿಗೆ ಚಂದ್ರಕಲಾ ತನ್ನ ಕಟಿಂಗ್ ಕೋಡನ್ನೂ ತಿದ್ದಿದ್ದರಿಂದ ತಾವು ಅದೊಂದನ್ನು ಮತ್ತೆ ಕಟ್ಟಿ, ಉಳಿದೆರಡರ ಬಗ್ಗೆ ‘ಮಾಡಲು ಏನೂ ಇಲ್ಲ’ ಎಂದು ಇಂಗ್ಲಿಷಿನಲ್ಲಿ ತಿಳಿಸಿ ವಿರಮಿಸಿದಿರಿ. ಆಹಾ, ಎಂಥ ನೆಮ್ಮದಿ! ನಮ್ಮ ಹಾಸ್ಟೆಲ್ ಆಫೀಸಿನಲ್ಲೂ ಈ ಉತ್ತರ ಇಷ್ಟು ಬೇಗ ಸಿಗುವುದಿಲ್ಲ. ಅಲ್ಲಿ ಊಟದ ಹೊತ್ತು ಕಳೆಯುವವರೆಗೆ ಕೂರಿಸಿ ಆಮೇಲೆ ಹೇಳುತ್ತಾರೆ.

ಪರದೆಯ ಮೇಲೆ ಮೂವತ್ತನಾಲ್ಕರ ಪ್ಯಾಂಟಿಗೆ ಮೂವತ್ತೆರಡರ ಸೊಂಟಪಟ್ಟಿ ಬಂತು. ಮಡಕಶಿರಾ ಕಡೆಯ ಚೌಡೇಶ್, “ಪ್ಯಾಂಟೇನೋ ಆಯ್ತು ಕಣಮ್ಮ, ಇದನ್ನ ಹಾಕ್ಕಂಡು ಉಸಿರಾಡೋ ಗಂಡಸ್ನ ಎಲ್ಲಿಂದ ತರಾನ?” ಎಂದ. ನಮ್ಮೂರಿನವಳೇ ಆದ ಚಂದ್ರಕಲಾ, “ಎಲ್ಲಾ ಒಂದ ಫೈಲಿಗೆ ಹಾಕಿಬಿಡೂಣು ಸಾಯಿಲಕ್ಷ್ಮಿ, ಸುಮ್ನ ಯಾಕ ತಲಿನೋವು?” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ಎಲ್ಲವೂ ಒಂದೇ ಫೈಲಾದರೆ ತಮಗೂ ಕೆಲಸವಿಲ್ಲ, ನನಗೂ ಇಲ್ಲ. “ನೀನೇನಮ್ಮಾ ಮಾಡಿದ್ದು?” ಎಂದು ಸರ್ ಕೇಳಿದರೆ ಯಾರನ್ನು ತೋರಿಸಲಿ?

ಆದ್ದರಿಂದ ತಾವು ದಯಮಾಡಿ ನಾನು ಬರೆಯದಿದ್ದುದನ್ನೂ ಓದಿಕೊಳ್ಳಬೇಕು, ನನ್ನ ಮುಖ ನೋಡಿಯೇ ಯಾವ ಅಳತೆ ಬದಲಾಗಿದೆಯೆಂದು ತಿಳಿಯಬೇಕು, ಸರ್ ಕುರ್ಚಿ ಎಳೆದ ಸದ್ದಿಗೇ ಮೂರೂ ಫೋಲ್ಡರುಗಳನ್ನು ಎಬ್ಬಿಸಬೇಕು. ಎಲ್ಲ ಅಳಿಸಿ ಮೊದಲಿನಿಂದ ಕಟ್ಟಿಸಿದರೆ ತಾವು ಎಷ್ಟು ಒಳ್ಳೆಯವರೆಂದು ಗೊತ್ತು. ಆದರೆ ಸರ್ ಏನನ್ನೂ ಅಳಿಸದೆ, ಅವರೇ ಒಂದು ಅಳತೆ ಬದಲಿಸಿ ಓಡಿಸುತ್ತಾರಂತೆ.

ತಮ್ಮಲ್ಲಿ ವಿಶ್ವಾಸವಿಡದೆ ಬೇರೆ ಗತಿಯಿಲ್ಲದ,
ಸಾಯಿಲಕ್ಷ್ಮಿ

ಹೇಳಲು ಮರೆತದ್ದು: ತಮ್ಮೊಳಗೆ ಮೂರೂ ಫೋಲ್ಡರುಗಳ ಹೆಸರಿನ ಮುಂದೆ ಅಳತೆಯ ಫೈಲಿನ ಹೆಸರನ್ನು ಈಗಷ್ಟೇ ಬರೆದೆ. ಅಮ್ಮ ಒಂದೇ ಸಲ ಕೂಗುವುದನ್ನು ತಮಗಾಗಿ ಮೂರು ಸಲ ಟೈಪ್ ಮಾಡಿದ್ದೇನೆ. ಕಿವಿ ಮಂದವಾದ ದೊಡ್ಡವರಿಗೆ ಅಷ್ಟಾದರೂ ಮಾಡಬೇಕಲ್ಲ. ಸೊಂಟವನ್ನು ಮೂವತ್ತಾರು ಮಾಡಿ ಎಂಟರ್ ಒತ್ತುತ್ತಿದ್ದೇನೆ. ಬೇಗ ಉತ್ತರಿಸಿ.