ಹೊಸ ವರ್ಷನ್‌ಗೆ ಹಳೇ ಗಿರಾಕಿಗಳು

ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿ ಜನರ ಕಾಟ ಇರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ನಾನು ಈ ಕಸುಬಿಗೆ ಬಂದೆ. ಹಾಗೆ ಹೇಳಿದವರು ಹುಣಸೂರು ಕಂಡವರಲ್ಲ. ಇಲ್ಲಿ ಒಂದು ಪುಟ್ಟ ಅಂಗಡಿ ಇಟ್ಟುಕೊಂಡು ಸುತ್ತಲ ನಾಲ್ಕು ತಾಲ್ಲೂಕಿನವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಕಂಪ್ಯೂಟರ್ ನನ್ನನ್ನು ಅಪರೂಪಕ್ಕೆ ಗೋಳು ಹೊಯ್ದುಕೊಳ್ಳುತ್ತದೆ. ಗಿರಾಕಿಗಳು ಆ ಕೆಲಸವನ್ನು ದಿನಾ ಮಾಡುತ್ತಾರೆ.

ಈಚೆಗೆ, ನಾನು ಸೈಟ್ ಮಾಡುವ ಸಾಫ್ಟ್‌ವೇರ್‌ನ ಹಳೇ ವರ್ಷನ್ ನಿಲ್ಲಿಸುತ್ತೇವೆ ಎಂದು ಕಂಪನಿಯವರು ತಿಳಿಸಿದರು. ಹಳೇ ಪ್ರಾಜೆಕ್ಟ್‌ಗಳನ್ನೆಲ್ಲ ಒಂದು ತಿಂಗಳೊಳಗೆ ಹೊಸ ವರ್ಷನ್‌ನಲ್ಲಿ ತೆರೆದು, ಕನ್ವರ್ಟ್ ಮಾಡಿ, ಮತ್ತೆ ಏರಿಸಬೇಕು. ಇಲ್ಲದಿದ್ದರೆ ಸೈಟ್ ಬಂದ್. ನನ್ನ ಹತ್ತಿರ ಅಂಥವು ಮೂವತ್ತೆಂಟಿದ್ದವು. ಮೂವತ್ತೇಳು ಬಂದ್ ಆಗಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ. ಒಂದು ಮಾತ್ರ ಬಂದ್ ಆಗುವಂತಿರಲಿಲ್ಲ. ಅದು ಎಚ್.ಡಿ. ಕೋಟೆ ಕಡೆ ಕಾಡಂಚಿನ ಒಂದು ಹಾಡಿಯ ಹೆಂಗಸರ ಜೇನು ಸಂಘದ್ದು. ಅವರಿಗೆ ಆರ್ಡರ್ ಬರುವುದೇ ಆ ಪೇಜಿನಿಂದ, ಆ ಸಲದ ಜೇನು ಆಗಲೇ ಕ್ಯಾನುಗಳಲ್ಲಿ ತುಂಬಿ ಕೂತಿತ್ತು. ಅದನ್ನೇ ಮೊದಲು ಮುಗಿಸಬೇಕಿತ್ತು, ಆದರೆ ಆ ಫೈಲಿಗೆ ಪಾಸ್‌ವರ್ಡ್ ಇತ್ತು, ನನಗೆ ಗೊತ್ತಿರಲಿಲ್ಲ. ಸಂಘಕ್ಕೆ ಹೇಳಿ ಕಳಿಸಿ, ಅವರು ಬರುವಷ್ಟರಲ್ಲಿ ಉಳಿದವನ್ನು ಹಿಡಿದೆ.

ಮೊದಲು ಹಸು

ಕೆ.ಆರ್. ನಗರದ ರೈಸ್ ಮಿಲ್ ಯಜಮಾನರಿಗೆ ಫೋನ್ ಮಾಡಿ, "ನಿಮ್ಮ ಸೈಟು ಹಳೇದರಿಂದ ಹೊಸದಕ್ಕೆ ಹೋಗ್ತಾ ಇದೆ ಸಾರ್" ಅಂದೆ.

"ಮನೆ ಬದ್ಲಾಯಿಸ್ದಂಗೆ ಅನ್ನು."

"ಹಾಗೇ ಅಂದ್ಕೊಳ್ಳಿ."

ನಾನು ತಪ್ಪಿದ್ದೇ ಇಲ್ಲಿ. ಮಾರನೇ ದಿನ ಅವರು ಪಂಚಾಂಗ ನೋಡಿಸಿಕೊಂಡು, ಒಂದು ಲೀಟರ್ ಹಾಲು ಹಿಡಿದುಕೊಂಡು ಬಂದರು. ಕಂಪ್ಯೂಟರ್ ಪಕ್ಕದಲ್ಲಿ ಹಾಲು ಉಕ್ಕಿಸುವುದು ಬೇಡ ಎಂದು ಕೈಮುಗಿದು, ಹೊರಗೆ ಮೆಟ್ಟಿಲ ಮೇಲೆ ಸ್ಟೌವ್ ಇಟ್ಟು ಉಕ್ಕಿಸಿದ್ದಾಯಿತು. ಒಳಗೆ ಬಂದು ಹೊಸ ಪೇಜಿಗೆ ಅಕ್ಕಿ ಮೂಟೆಯ ಫೋಟೊ ಹಾಕಲು ಹೊರಟೆ.

"ತಡಿಯಮ್ಮ! ಹಸ ಎಲ್ಲಿ?"

"ಯಾವ ಹಸು ಸಾರ್?"

"ಹೊಸ ಮನೆಗೆ ಮೊದ್ಲು ಹಸ ಹೋಗ್ಬೇಕು ಕಣಮ್ಮ, ಆಮೇಲೆ ಮಿಕ್ಕಿದ್ದು. ಅಷ್ಟೂ ಗೊತ್ತಿಲ್ವಾ?"

ತಮ್ಮ ಮನೆಯ ಹಸು ಕರುವಿನ ಫೋಟೊ ಕೊಟ್ಟರು. ಅರಿಶಿನ ಕುಂಕುಮ ಹಚ್ಚಿದ್ದ, ಲಕ್ಷಣವಾದ ಹಸು. ಅದನ್ನೇ ಮೊದಲು ಒಳಗೆ ಬಿಟ್ಟೆ. "ಸಂಜೆಗಂಟ ಇರ್ಲಿ ಬುಡು" ಎಂದು ಸಂತೋಷವಾಗಿ ಹೋದರು.

ಮಧ್ಯಾಹ್ನವೇ ಅವರ ಫೋನ್ ಬಂತು. "ಬೇಗ ಹಸ ತೆಗೀಯಮ್ಮ! ಒತ್ತಾರಿಂದ ಒಬ್ರೂ ಅಕ್ಕಿ ಕೇಳ್ಲಿಲ್ಲ. ಎಷ್ಟು ಲೀಟ್ರು ಕರೀತದೆ ಅಂತಾನೇ ಕೇಳ್ತಾವ್ರೆ."

"ಕೇಳಿದ್ರೆ ಕೇಳಲಿ ಬಿಡಿ ಸಾರ್, ಇಲ್ಲ ಅಂದ್ರಾಯ್ತು."

"ಇಲ್ಲ ಅನ್ನೋದು ಯಾರ್‌ಗೆ? ಮಿರ್ಲೆಯಿಂದ ಒಬ್ಬ ಹಗ್ಗ ತಗೊಂಡು ಬಂದು ಮಿಲ್ ಬಾಗ್ಲಲ್ಲಿ ನಿಂತವ್ನೆ ಕಣಮ್ಮ!"

ಸೊನ್ನೆ

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಸಸಿ ಬೆಳೆಸಿ ಮಾರುವ ಒಬ್ಬರಿದ್ದಾರೆ. ಅವರ ಸೈಟಿನ ಕೊನೆಯಲ್ಲಿ, ಎಷ್ಟು ಜನ ನೋಡಿದರು ಎಂದು ಎಣಿಸುವ ಒಂದು ಪಟ್ಟಿ ಇತ್ತು. ಕನ್ವರ್ಟ್ ಮಾಡಿದಾಗ ಅದು ಸೊನ್ನೆಗೆ ಬಂದು ನಿಂತಿತು. ಮನುಷ್ಯ ಮುಂದಿನ ಬಸ್ಸಿಗೇ ಬಂದುಬಿಟ್ಟರು.

"ಹನ್ನೊಂದು ಸಾವ್ರ ಜನ ಕಣಮ್ಮ. ಎಲ್ಲೋದ್ರು ಅಷ್ಟೂ ಜನ?"

ಯಾರೂ ಎಲ್ಲೂ ಹೋಗಿಲ್ಲ, ಲೆಕ್ಕ ಮಾತ್ರ ಹೋಗಿದೆ ಎಂದು ಎಷ್ಟು ಹೇಳಿದರೂ ಸ್ಟೂಲಿನಿಂದ ಏಳಲಿಲ್ಲ. ಮುಖ ನೋಡಿದರೆ ಮನೆಯಲ್ಲಿ ಯಾರೋ ಕಳೆದುಹೋದಂತಿತ್ತು. ಹಳೇ ದಾಖಲೆ ತೆಗೆದು ನೋಡಿದೆ. ಆ ಹನ್ನೊಂದು ಸಾವಿರದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬಂದಿದ್ದು ಒಂದೇ ಫೋನಿನಿಂದ. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚುವ ಸಮಯಕ್ಕೆ ಶುರುವಾಗಿ, ರಾತ್ರಿ ಮಲಗುವವರೆಗೆ ಏಳೆಂಟು ಸಲ. ಯಾರ ಫೋನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮುಖ ನೋಡಿಕೊಂಡು ಹೇಳಲು ನನಗೆ ಮನಸ್ಸಾಗಲಿಲ್ಲ. ಹಳೇ ಅಂಕಿಯನ್ನು ನಾನೇ ಕೈಯಲ್ಲಿ ಟೈಪ್ ಮಾಡಿ ಕೂರಿಸಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು, ಹುಬ್ಬು ಗಂಟಿಕ್ಕಿದರು.

"ಇವತ್ತಿಂದು ಸೇರ್ಸಿಲ್ಲ ನೀವು."

"ಇವತ್ತು ಯಾರು ನೋಡಿದ್ರು ಸಾರ್?"

"ಯಾಕಮ್ಮ, ನಾನೊಬ್ಬನೇ ನಾಕು ಸಲ ನೋಡಿವ್ನಿ!"

ಪಕ್ಕದ ದೇಶದವರು

ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಆಚೆ ಹೋಂಸ್ಟೇ ನಡೆಸುವವರ ಸೈಟಿನಲ್ಲಿ ಕನ್ನಡವೆಲ್ಲ ಹಳೇ ಕಾಲದ ಫಾಂಟ್‌ನಲ್ಲಿತ್ತು. ಹೊಸ ವರ್ಷನ್‌ಗೆ ಆ ಫಾಂಟ್‌ನ ಗುರುತೇ ಸಿಗಲಿಲ್ಲ. ಪೇಜಿನ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೀಟು, ಚುಕ್ಕೆ, ಟೋಪಿ. ಒಂದು ಪದಕ್ಕೂ ಅರ್ಥವಿಲ್ಲ. ನಾನು ಅದನ್ನು ನೋಡಿಕೊಳ್ಳದೆ ಹಾಗೇ ಏರಿಸಿಬಿಟ್ಟಿದ್ದೆ. ಬೈಯಲು ಫೋನ್ ಬರುತ್ತದೆ ಎಂದು ಕಾಯುತ್ತಿದ್ದರೆ, ಬಂದಿದ್ದು ಹೊಗಳಿಕೆ.

"ಮೇಡಂ, ಕೇಳ್ದೇನೇ ಫಾರಿನ್ ಭಾಷೇಲಿ ಮಾಡ್ಕೊಟ್ಬುಟ್ರಲ್ಲ! ನಮ್ಮಲ್ಲಿ ಇಳ್ಕೊಂಡಿರೋ ಬಿಳೀ ದಂಪತಿಗೆ ತೋರಿಸ್ದೆ."

"ಏನಂದ್ರು?"

"ಪಾಪ, ಇಬ್ರೂ ಕನ್ನಡಕ ಹಾಕ್ಕೊಂಡು ಕೂತು ಓದಿದ್ರು. ಬೋ ಚೆನ್ನಾಗದೆ, ಆದ್ರೆ ಇದು ನಮ್ಮ ಭಾಷೆ ಅಲ್ಲ, ಪಕ್ಕದ ದೇಶದ್ದಿರ್ಬೇಕು ಅಂದ್ರು."

ನಾಚಿಕೆಯಾಗಿ, ಅವತ್ತೇ ಕೂತು ಅಷ್ಟನ್ನೂ ಅಚ್ಚ ಕನ್ನಡಕ್ಕೆ ತಂದೆ. ಬೆಳಿಗ್ಗೆ ಅದೇ ಮನುಷ್ಯ ಕೆಂಡಾಮಂಡಲ.

"ಯಾಕ್ರೀ ಅಳಿಸಿದ್ರಿ? ಆ ಪಕ್ಕದ ದೇಶದೋರು ಬಂದ್ರೆ ಏನೋದ್ಕಂತಾರೆ?"

ಎಂಟು ಜನ, ಎಂಟು ಅಂಕಿ

ತಿಂಗಳ ಕೊನೇ ದಿನ ಬೆಳಿಗ್ಗೆ ಒಂದು ಗೂಡ್ಸ್ ಆಟೊ ಅಂಗಡಿ ಮುಂದೆ ನಿಂತಿತು. ಜೇನು ಸಂಘದ ಎಂಟೂ ಜನ ಇಳಿದರು. ಸಂಜೆ ಐದರೊಳಗೆ ಅವರ ಸೈಟ್ ಕನ್ವರ್ಟ್ ಆಗದಿದ್ದರೆ ಜೇನು ಕೇಳುವವರಿರಲಿಲ್ಲ.

"ಪಾಸ್‌ವರ್ಡ್ ಹೇಳೋಕೆ ಒಬ್ರು ಬಂದಿದ್ರೆ ಸಾಕಿತ್ತಲ್ಲ" ಅಂದೆ.

"ಒಬ್ರಿಗೆ ಒಂದೇ ಅಂಕಿ ಗೊತ್ತಿರಾದು ಕಣಕ್ಕ" ಅಂದರು ಸಂಘದ ಹಿರಿಯಾಕೆ. "ಎಂಟೂ ಒಬ್ಳಿಗೇ ಗೊತ್ತಿದ್ರೆ ಅವ್ಳೇ ಯಜಮಾನಿ ಆಗೋಯ್ತಾಳೆ. ಜೇನು ಇಳಿಸಿದ್ರೆ ಎಲ್ರಿಗೂ ಪಾಲಿಲ್ವಾ? ಇದ್ನೂ ಪಾಲು ಮಾಡ್ಕಂಡೊ."

ಮೂರು ಸಲ ತಪ್ಪಾದರೆ ಫೈಲು ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಒಂದರಿಂದ ಎಂಟರವರೆಗೆ ಒತ್ತಿ ನಾನೇ ಜಾಣತನ ತೋರಿಸಲು ಹೋಗಿ, ಒಂದು ಅವಕಾಶ ಆಗಲೇ ಹಾಳುಮಾಡಿದ್ದೆ. ಅದನ್ನು ಒಪ್ಪಿಕೊಂಡಾಗ ಹಿರಿಯಾಕೆ ಬೈಯಲಿಲ್ಲ. "ಓದಿದೋರು ಅಂಗೇ ಬುಡು" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಒಬ್ಬೊಬ್ಬರಾಗಿ ಒಳಗೆ ಬಂದು, ಬಾಗಿಲು ಹಾಕಿಕೊಂಡು, ನನ್ನನ್ನು ಗೋಡೆ ಕಡೆ ತಿರುಗಿಸಿ, ತಂತಮ್ಮ ಅಂಕಿ ಒತ್ತಿ ಹೋಗತೊಡಗಿದರು. ಹೊರಗಿನ ಸಾಲು ನೋಡಿ ಬೀದಿಯವರೂ ಬಂದು ಸೇರಿಕೊಂಡರು. "ಕಣ್ಣು ಟೆಸ್ಟು ಫ್ರೀನಂತೆ" ಎಂಬ ಮಾತು ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಅವರನ್ನೆಲ್ಲ ಕಳಿಸಿ, ಎಂಟನೆಯವರು ಒತ್ತಿದ ಮೇಲೆ ನೋಡಿದರೆ, ತಪ್ಪು ಎಂದು ಕೆಂಪಕ್ಷರ ಬಂತು. ಉಳಿದಿದ್ದು ಇನ್ನೊಂದೇ ಸಲ.

"ಮೊದ್ಲು ಪಾಸ್‌ವರ್ಡ್ ಇಟ್ಟ ದಿನ ಒತ್ತಿದ ಸಾಲು ಹೇಗಿತ್ತು, ಜ್ಞಾಪಿಸ್ಕೊಳ್ಳಿ" ಅಂದೆ.

"ವಯಸ್ಸಿನ ಮೇಲೆ. ದೊಡ್ಡೋರು ಮೊದ್ಲು."

ತಕರಾರು ಐದು ಮತ್ತು ಆರನೆಯವರಲ್ಲಿತ್ತು. ಅವತ್ತು "ನಾನೇ ದೊಡ್ಡೋಳು" ಎಂದು ಇಬ್ಬರೂ ಜಗಳವಾಡಿದ್ದರಂತೆ. ಈಗ ನೋಡಿದರೆ, "ನೀನೇ ದೊಡ್ಡೋಳು", "ಏ ಹೋಗೇ, ನೀನು!" ಎಂದು ಇಬ್ಬರೂ ವಯಸ್ಸನ್ನು ಅತ್ತಿತ್ತ ದೂಡುತ್ತಿದ್ದರು. ಆಧಾರ್ ಕಾರ್ಡ್ ತೆಗೆಸಿದೆ. ಇಬ್ಬರೂ ಒಂದೇ ವರ್ಷದ ಜನವರಿ ಒಂದನೇ ತಾರೀಕು ಹುಟ್ಟಿದ್ದರು. ಉಳಿದ ಆರು ಜನದ್ದೂ, ವರ್ಷ ಬೇರೆಯಾದರೂ, ತಾರೀಕು ಅದೇ.

ಹಿರಿಯಾಕೆ ಎದ್ದು ನಿಂತರು. "ಜೇನು ಕ್ಯಾನಲ್ಲಿ ಕೂತದೆ. ಅವತ್ತು ಗೆದ್ದೋರು ಯಾರ್ರೇ? ನಿಜ ಹೇಳಿ."

ಆ ಇಬ್ಬರಲ್ಲಿ ಹೊಸದಾಗಿ ತಲೆಗೆ ಬಣ್ಣ ಹಾಕಿಸಿಕೊಂಡಿದ್ದವರು ಎದ್ದರು. "ಪಾಸ್‌ವರ್ಡ್‌ಗೆ ಮಾತ್ರ ನಾನು ದೊಡ್ಡೋಳು. ಈ ಬಾಗ್ಲು ದಾಟಿದ್ಮೇಲೆ ಅಲ್ಲ, ಹೇಳಿವ್ನಿ."

ಅವರನ್ನು ಐದನೆಯವರಾಗಿ ನಿಲ್ಲಿಸಿ, ಎಂಟೂ ಜನರನ್ನು ಮತ್ತೆ ಒಳಗೆ ಕಳಿಸಿದೆವು. ಫೈಲು ತೆರೆಯಿತು. ನನಗೆ ಕಣ್ಣಲ್ಲಿ ನೀರೇ ಬಂತು. ಎಂಟೂ ಜನ ಕೂಗಿದ ಕೂಗಿಗೆ ಪಕ್ಕದ ಮೆಡಿಕಲ್ ಸ್ಟೋರಿನವರು ಓಡಿ ಬಂದರು.

ಆಗ ಪರದೆಯ ಮೇಲೆ ಒಂದು ಚೌಕ ಬಂತು. ಹೊಸ ವರ್ಷನ್‌ಗೆ ಹೊಸ ಪಾಸ್‌ವರ್ಡ್ ಇಡಬೇಕು, ಹನ್ನೆರಡು ಅಂಕಿಗೆ ಕಮ್ಮಿ ಇರಬಾರದು.

"ನಾಲ್ಕು ಜನ ಎರಡೆರಡು ಇಟ್ಕೊಳ್ಳಿ" ಅಂದೆ.

"ಅದೆಂಗಾದದು? ಪಾಲು ಅಂದ್ರೆ ಸಮಪಾಲು." ಹಿರಿಯಾಕೆ ಎಲ್ಲರ ಮುಖ ನೋಡಿದರು. ಹಾಡಿಯಲ್ಲಿ ನಾಲ್ಕು ಜನ ಸೊಸೆಯರು ನಮ್ಮನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ವರ್ಷಗಳಿಂದ ಕೇಳುತ್ತಿದ್ದರಂತೆ. ನಿಮಗಿನ್ನೂ ವಯಸ್ಸಾಗಿಲ್ಲ ಎಂದು ಅತ್ತೆಯರು ತಳ್ಳುತ್ತಲೇ ಬಂದಿದ್ದರು. ಐದೇ ನಿಮಿಷ ಗುಸುಗುಸು ನಡೆಯಿತು, ಆಟೊ ಹಾಡಿಗೆ ವಾಪಸ್ ಹೋಯಿತು.

ಮೂರು ಗಂಟೆಗೆ ನಾಲ್ಕು ಸೊಸೆಯರು ಬಂದಿಳಿದರು. ಹನ್ನೆರಡು ಜನ, ಹನ್ನೆರಡು ಸಲ ಬಾಗಿಲು, ಹನ್ನೆರಡು ಸಲ ನಾನು ಗೋಡೆ ಕಡೆ. ನಾಲ್ಕೂವರೆಗೆ ಸೈಟ್ ಹೊಸ ವರ್ಷನ್‌ನಲ್ಲಿ ಎದ್ದಿತು, ಆಟೊ ಹೊರಡುವ ಮೊದಲೇ ಜೇನಿಗೆ ಒಂದು ಆರ್ಡರ್ರೂ ಬಂತು.

ಎಲ್ಲರೂ ಆಟೊ ಹತ್ತಿದ ಮೇಲೆ ಹಿರಿಯಾಕೆಯ ಸೊಸೆ, ಏನೋ ಮರೆತವಳಂತೆ, ಒಳಗೆ ಓಡಿ ಬಂದು ಮೆಲ್ಲಗೆ ಕೇಳಿದಳು.

"ಅಕ್ಕಾ, ಅದ್ರಲ್ಲಿ ಒಂಬತ್ತಕ್ಕಿಂತ ದೊಡ್ಡ ಅಂಕಿ ಯಾವ್ದೂ ಇಲ್ಲ ಅಲ್ವಾ?"

"ಇಲ್ಲ, ಯಾಕೆ?"

"ಏನಿಲ್ಲ ಬುಡಿ. ನಮ್ಮತ್ತೆ ಯಾವ್ದಾರ ಒತ್ಕಳ್ಳಿ, ನನ್ನ ಮೀರ್ಸಕಾಗಲ್ಲ."