ಹಲ್ಲುಸೆಟ್ಟಿನ ಪುಟದಲ್ಲಿ ಸೋಫಾ ರಿಪೇರಿ

ಸೋಫಾ ಹೊಲಿಯುತ್ತಲೇ ತಲೆ ನರೆತ ಸ್ಪ್ರಿಂಗಪ್ಪನವರಿಗೆ ಲೋಕ ಮಾಡಿದ ಅನ್ಯಾಯ ಇಷ್ಟಿಷ್ಟಲ್ಲ. (ಇದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಪ್ರೀತಿಯಿಂದ ಇಟ್ಟದ್ದು. ಪ್ರೀತಿಯಿಂದಲೇ ಎಂದು ಅವರ ನಂಬಿಕೆ.) ಫೋನಿನಲ್ಲಿ ಯಾರಾದರೂ ‘ಸೋಫಾ ರಿಪೇರಿ’ ಎಂದು ಹುಡುಕಿದರೆ ಸಾಕು, ಮೊನ್ನೆ ಮೊನ್ನೆ ಸೂಜಿ ಹಿಡಿದ ಎದುರು ಬೀದಿಯ ಮೀಸೆಯವನ ಅಂಗಡಿಯೇ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಸ್ಪ್ರಿಂಗಪ್ಪನವರ ಅಂಗಡಿ ಕಣ್ಣಿಗೆ ಬೀಳಬೇಕಾದರೆ ಹುಡುಕುವವನಿಗೆ ತಾಳ್ಮೆ, ಗಟ್ಟಿಯಾದ ಹೆಬ್ಬೆರಳು ಮತ್ತು ಹಿಂದಿನ ಜನ್ಮದ ಋಣಾನುಬಂಧ ಮೂರೂ ಬೇಕಾಗಿದ್ದವು.

ಅಂಗಡಿಯಲ್ಲಿ ನೊಣಗಳ ಸಂಖ್ಯೆ ಗಿರಾಕಿಗಳ ಸಂಖ್ಯೆಯನ್ನು ಮೀರಿದ ಮೇಲೆ, ಒಂದು ದಿನ ಮೀಸೆಯವನೇ ಬಂದು ನಯವಾಗಿ ಕೂತ.

“ಅಣ್ಣಾ, ಯಾಕೆ ಸುಮ್ನೆ ಒದ್ದಾಡ್ತೀರಿ? ಬಾಗಿಲು ಹಾಕಿ ನನ್ನ ಹತ್ರ ಕೆಲಸಕ್ಕೆ ಬಂದ್ಬಿಡಿ. ನನಗೂ ಅಂಗಡೀಲಿ ಒಬ್ರು ಹಿರಿಯರು ಬೇಕಿತ್ತು.”

‘ಹಿರಿಯರು’ ಎಂಬ ಮಾತು ಎದೆಗೆ ಮೊಳೆಯಂತೆ ನಾಟಿತು.

“ಈ ತಿಂಗಳು ಮುಗಿಯೋದ್ರೊಳಗೆ ಫೋನಲ್ಲಿ ನನ್ನ ಅಂಗಡಿ ನಿನ್ನ ತಲೆ ಮೇಲೆ ಕೂರದೇ ಇದ್ರೆ ಬರ್ತೀನಯ್ಯ! ಬಂದು ನಿನ್ನ ಕತ್ತರಿ ಒರೆಸ್ಕೊಂಡು ಬಿದ್ದಿರ್ತೀನಿ!” ಎಂದುಬಿಟ್ಟರು. ವೀರವಾಣಿ ಮೊಳಗಿಸಿದ ಮೇಲೆ ಮನೆಗೆ ಓಡಿ ಮಗಳ ಮೊರೆಹೊಕ್ಕರು.

“ನಿನ್ನನ್ನ ನೀನೇ ಹೊಗಳ್ಕೊಂಡ್ರೆ ಸಾಲದು ಅಪ್ಪಾ,” ಎಂದಳು ಮಗಳು. “ಬೇರೆಯವರ ವೆಬ್ ಪುಟದಲ್ಲಿ ನಿನ್ನ ಪುಟಕ್ಕೆ ಲಿಂಕ್ ಇರ್ಬೇಕು. ಒತ್ತಿದ್ರೆ ನಿನ್ನ ಅಂಗಡಿಗೆ ಕರ್ಕೊಂಡು ಬರೋ ನೀಲಿ ಅಕ್ಷರ ಇರುತ್ತಲ್ಲ, ಅದರಲ್ಲಿ ಏನು ಬರೆದಿದಾರೆ ಅಂತ ನೋಡಿ ನೀನು ಯಾರು ಅನ್ನೋದನ್ನ ಸರ್ಚು ತಿಳ್ಕೊಳ್ಳುತ್ತೆ.”

“ಅಂದ್ರೆ ಶಿಫಾರಸು!”

“ಹೂಂ. ಅಮ್ಮನ ಪುಟದಲ್ಲಿ ಒಂದು ಹಾಕಿಸ್ಕೊ. ಅವಳು ಬರೆಯೋದನ್ನ ಎಷ್ಟೊಂದು ಜನ ಓದ್ತಾರೆ.”

ಸ್ಪ್ರಿಂಗಪ್ಪನವರ ಹೆಂಡತಿ ಮನೆವಾರ್ತೆಯ ಬಗ್ಗೆ ಆಗಾಗ ತನ್ನದೊಂದು ಪುಟದಲ್ಲಿ ಬರೆಯುತ್ತಿದ್ದಳು. ಶಾಯಿಯ ಕಲೆ ತೆಗೆಯುವುದು ಹೇಗೆ, ಗಂಡನ ಗೊರಕೆ ನಿಲ್ಲಿಸುವುದು ಹೇಗೆ, ಇಂಥವು. (ಎರಡನೆಯದಕ್ಕೆ ಓದುಗರು ಹೆಚ್ಚು.)

“ಮೊದಲು ನಮ್ಮನೆ ಸೋಫಾ ರಿಪೇರಿಯಾಗ್ಲಿ,” ಎಂದು ಅಡುಗೆಮನೆಯಿಂದಲೇ ತೀರ್ಪು ಬಂತು. “ಅದರ ಸ್ಪ್ರಿಂಗ್ ಚುಚ್ಚಿಸ್ಕೊಂಡು ಎಷ್ಟು ಜನ ನೆಂಟರು ನಿಂತ್ಕೊಂಡೇ ಕಾಫಿ ಕುಡಿದಿದಾರೆ!”

“ಮನೆ ಸೋಫಾ ತಾನೆ? ನಾಳೆ ಮಾಡಿದ್ರಾಯ್ತು.”

“ಆ ನಾಳೆಗೆ ಈಗ ಮದುವೆ ವಯಸ್ಸು, ರೀ.”

ಹೆಂಡತಿಯ ಮುಂದೆ ಶಿಫಾರಸಿಗೆ ಕೈಚಾಚುವಷ್ಟು ಕೆಟ್ಟಿಲ್ಲವೆಂದು ಸ್ಪ್ರಿಂಗಪ್ಪನವರು ನೆಂಟರ ಬೆನ್ನುಹತ್ತಿದರು. ಹಲ್ಲುಸೆಟ್ಟು ಮಾಡುವ ಚಿಕ್ಕಪ್ಪ, ಕಾರು ಕಲಿಸುವ ಭಾವಮೈದ, ಕೋಳಿ ಸಾಕುವ ಅಕ್ಕ, ಎಲ್ಲರಿಗೂ ಒಂದೊಂದು ಪುಟವಿತ್ತು. ಎಲ್ಲರೂ ಕೇಳಿದ ತಕ್ಷಣ ಒಪ್ಪಿದರು. ರಕ್ತಸಂಬಂಧವೆಂದರೆ ಇದು ಎಂದು ಸ್ಪ್ರಿಂಗಪ್ಪನವರ ಕಣ್ಣು ತೇವವಾಗುವಷ್ಟರಲ್ಲಿ ಪ್ರತಿಯೊಬ್ಬರೂ “ಹಾಗೇ ನಮ್ಮ ಸೋಫಾನೂ ಒಂಚೂರು ನೋಡಿಬಿಡು” ಎಂದರು. ಕಣ್ಣು ತಾನಾಗಿ ಒಣಗಿತು.

ಹೀಗೆ ಆ ತಿಂಗಳೆಲ್ಲ ಅವರು ನೆಂಟರ ಸೋಫಾಗಳ ಕೆಳಗೇ ಅಂಗಾತ ಮಲಗಿ ಕಳೆದರು. ಪ್ರತಿಯಾಗಿ ಚಿಕ್ಕಪ್ಪನ ಪುಟದಲ್ಲಿ, ‘ಹಲ್ಲುಸೆಟ್ಟನ್ನು ಮಲಗುವ ಮುನ್ನ ನೀರಿನಲ್ಲಿಡಿ. ಜಗತ್ತಿನಲ್ಲೇ ಅತ್ಯುತ್ತಮ ಸೋಫಾ ರಿಪೇರಿ’ ಎಂದು ಬಂತು. ಭಾವಮೈದನ ಪುಟದಲ್ಲಿ, ‘ತಿರುವಿನಲ್ಲಿ ವೇಗ ತಗ್ಗಿಸಿ. ಜಗತ್ತಿನಲ್ಲೇ ಅತ್ಯುತ್ತಮ ಸೋಫಾ ರಿಪೇರಿ.’ ಅಕ್ಕನ ಕೋಳಿಗಳೂ ಅದೇ ಸಾಲನ್ನು ಹೊತ್ತು ಕೂತವು.

“ಎಲ್ಲರೂ ಒಂದೇ ಮಾತು ಬರೆದ್ರೆ ಬೇಕಂತ ಬರೆಸಿದ್ದು ಅಂತ ಗೊತ್ತಾಗಲ್ವಾ ಅಪ್ಪಾ? ಅದೂ ಕೋಳಿಗೂ ಸೋಫಾಗೂ ಏನು ಸಂಬಂಧ?” ಎಂದು ಮಗಳು ತಲೆ ಚಚ್ಚಿಕೊಂಡಳು.

“ಇರೋದೊಂದೇ ಸತ್ಯ. ಅದನ್ನ ಎಷ್ಟು ಥರ ಹೇಳೋಕಾಗುತ್ತೆ?” ಎಂದರು ಸ್ಪ್ರಿಂಗಪ್ಪನವರು.

ತಿಂಗಳ ಕೊನೆಯ ದಿನ ಸಂಜೆ ದಣಿದು ಬಂದು ಸೋಫಾದ ಮೇಲೆ ದೊಪ್ಪನೆ ಕೂತು, ಜಯಭೇರಿ ಬಾರಿಸುವ ಠೀವಿಯಲ್ಲಿ ಫೋನು ತೆಗೆದು ಹುಡುಕಿದರು. ಹೆಬ್ಬೆರಳು ಸವೆಯಿತೇ ಹೊರತು ಅವರ ಅಂಗಡಿ ಸಿಗಲಿಲ್ಲ. ಸರ್ಚಿಗೆ ಅನುಮಾನ ಬಂದು ಅದನ್ನು ಪಾತಾಳಕ್ಕೆ ತಳ್ಳಿತ್ತು.

ಆದರೆ ಎಲ್ಲಕ್ಕಿಂತ ಮೇಲೆ ಮೀಸೆಯವನೂ ಇರಲಿಲ್ಲ! ಅಲ್ಲಿ ಇದ್ದದ್ದು ಅವರ ಹೆಂಡತಿಯ ಪುಟ: ‘ಸೋಫಾ ರಿಪೇರಿ: ಒಬ್ಬ ಗೃಹಿಣಿಯ ಅನುಭವ.’

“ಅದನ್ನ ಓದಿ ಖುಷಿಯಾದ ಜನ ತಾವಾಗೇ ತಮ್ಮ ಪುಟಗಳಲ್ಲಿ ಲಿಂಕ್ ಹಾಕಿದಾರಪ್ಪ,” ಎಂದಳು ಮಗಳು. “ಒಬ್ಬೊಬ್ಬರು ಒಂದೊಂದು ಥರ ಬರೆದು. ಅಮ್ಮ ಯಾರನ್ನೂ ಕೇಳ್ಲೇ ಇಲ್ಲ.”

ಸ್ಪ್ರಿಂಗಪ್ಪನವರ ಎದೆ ಉಬ್ಬಿತು. ಬಾಯಿ ಜೋರಾದರೂ ಕಡೆಗೆ ಕೈ ಹಿಡಿದವಳು ಅವಳೇ! ಬರೆದದ್ದನ್ನೆಲ್ಲ ಓದುವ ವ್ಯವಧಾನ ಯಾರಿಗಿತ್ತು? ನೇರವಾಗಿ ಕೊನೆಗೆ ಧಾವಿಸಿದರು. ಅಲ್ಲಿ ನೀಲಿ ಅಕ್ಷರಗಳು ಹೊಳೆಯುತ್ತಿದ್ದವು: ‘ಹೇಳಿದ ದಿನವೇ ಬಂದು ಮಾಡಿಕೊಡುವ ಸೋಫಾ ರಿಪೇರಿಯವರು.’

ಹೊಗಳಿಕೆ ಸ್ವಲ್ಪ ಹೆಚ್ಚಾಯಿತು ಎಂದು ಅವರಿಗೇ ಅನ್ನಿಸಿತು. ಆದರೂ ಹೆಂಡತಿಯ ಅಭಿಮಾನ, ಇರಲಿ ಎಂದುಕೊಂಡು ಗದ್ಗದಿತರಾಗಿ ಒತ್ತಿದರು.

ತೆರೆಯ ತುಂಬ ಮೀಸೆ ಬಂತು.

“ಏನೇ ಇದು! ಆ ಮೀಸೆಯವನು ನಮ್ಮನೆಗೆ ಯಾವಾಗ ಬಂದಿದ್ದ?”

“ನೀವು ಚಿಕ್ಕಪ್ಪನ ಸೋಫಾ ಕೆಳಗೆ ಮಲಗಿದ್ರಲ್ಲ, ಆವತ್ತು,” ಎಂದು ಹೆಂಡತಿ ತಣ್ಣಗೆ ಹೇಳಿದಳು. “ಬೆಳಿಗ್ಗೆ ಹೇಳಿದೆ, ಮಧ್ಯಾಹ್ನ ಬಂದು ಮಾಡಿಕೊಟ್ಟು ಹೋದ. ಆವತ್ತಿಂದ ನೀವು ದಿನಾ ಅದರ ಮೇಲೆ ಕೂತು ಗೊರಕೆ ಹೊಡೀತಾ ಇದೀರಿ.”

ಸಿಡಿದೇಳಬೇಕೆಂದು ಸ್ಪ್ರಿಂಗಪ್ಪನವರಿಗೆ ಅನ್ನಿಸಿತು. ಆದರೆ ಸೊಂಟ ಒಪ್ಪಲಿಲ್ಲ. ಒಂದಾದರೂ ತಪ್ಪು ಸಿಕ್ಕೀತೆಂದು ಮೆತ್ತೆಯನ್ನು ಒತ್ತಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು, ಬಗ್ಗಿ ಅಡಿಯನ್ನೂ ನೋಡಿದರು. ಹೊಲಿಗೆ, ಹಾಳಾದ್ದು, ನೂಲು ಹಿಡಿದಂತೆ ನೇರವಾಗಿತ್ತು.

ಮತ್ತೆ ನೆಟ್ಟಗೆ ಕೂತು ಸಣ್ಣ ದನಿಯಲ್ಲಿ ಕೇಳಿದರು.

“ಕೆಲಸಕ್ಕೆ ಎಷ್ಟು ಹೊತ್ತಿಗೆ ಬರಬೇಕು ಅಂತ ಏನಾದ್ರೂ ಅಂದನಾ?”

“ಒಂಬತ್ತಕ್ಕೆ ಅಂದ. ಬರ್ತಾರೆ ಅಂತ ನಾನು ಆವತ್ತೇ ಹೇಳಿಬಿಟ್ಟಿದೀನಿ.”